1630ರವರೆಗೆ ‘ಲವ್’ ಎಲ್ಲಿತ್ತು?

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಪದವಿ ಕಾಲೇಜೊಂದರಲ್ಲಿ ಇಂಗ್ಲಿಷ್ ಉಪನ್ಯಾಸಕಿ. ಷೇಕ್ಸ್‌ಪಿಯರ್ ಮತ್ತು ಅವನ ಸಮಕಾಲೀನರ ನಾಟಕಗಳಲ್ಲಿ ಪ್ರೀತಿಯ ಕಲ್ಪನೆ ಹೇಗೆ ಬದಲಾಯಿತು ಎಂಬುದರ ಮೇಲೆ ಪಿಎಚ್‌.ಡಿ. ಮಾಡುವ ಆಸೆಯಿದೆ. ಲಂಡನ್ನಿಗೆ ಹೋಗುವ ಅನುಕೂಲ ನನಗಿಲ್ಲ. ಉಚಿತವಾಗಿ ಸಿಗುವ ಹಳೆಯ ನಾಟಕಗಳ ಪಠ್ಯಗಳನ್ನು ಇಳಿಸಿಕೊಂಡು, ಆಂಟ್‌ಕಾಂಕ್ ಎಂಬ ತಂತ್ರಾಂಶದಲ್ಲಿ ‘ಲವ್’ ಪದವನ್ನು ಹುಡುಕಿದೆ. 1600ರ ಆಸುಪಾಸಿನ ನಾಟಕಗಳಲ್ಲಿ ಅದು ಬೆರಳೆಣಿಕೆಯಷ್ಟು ಸಲ ಮಾತ್ರ ಬರುತ್ತದೆ, 1630ರ ನಂತರ ಒಮ್ಮೆಲೇ ಏರುತ್ತದೆ. ರೇಖಾಚಿತ್ರ ಲಗತ್ತಿಸಿದ್ದೇನೆ. ಇದು ಹೊಸ ಶೋಧವೇ? ಮಾರ್ಗದರ್ಶಕರಿಗೆ ತೋರಿಸಬಹುದೇ? ಮಧ್ಯಯುಗದ ನಾಟಕಗಳಿಗೂ ಇದೇ ವಿಧಾನ ಸಾಕೇ? ನಾಟಕ ಬರೆದವರು ಯಾರು ಎಂಬುದನ್ನೂ ಕಂಪ್ಯೂಟರ್ ಹೇಳುತ್ತದಂತೆ, ಅದನ್ನು ನಂಬಬಹುದೇ?

ಉತ್ತರ: ನಿಮ್ಮ ರೇಖಾಚಿತ್ರವನ್ನು ಗಮನವಿಟ್ಟು ನೋಡಿದೆ. ಎಣಿಕೆಯಲ್ಲಿ ನೀವು ಎಲ್ಲಿಯೂ ಎಡವಿಲ್ಲ. ಆದರೆ 1630ರ ಆ ಏರಿಕೆಗೆ ಕಾರಣ ಅಚ್ಚಿನ ಮೊಳೆ. ಪ್ರೀತಿಗೂ ಅದಕ್ಕೂ ಸಂಬಂಧವಿಲ್ಲ.

ಷೇಕ್ಸ್‌ಪಿಯರ್ ಕಾಲದ ಮುದ್ರಕರಿಗೆ ‘ಯು’ ಮತ್ತು ‘ವಿ’ ಬೇರೆ ಬೇರೆ ಅಕ್ಷರಗಳಾಗಿರಲಿಲ್ಲ, ಒಂದೇ ಅಕ್ಷರದ ಎರಡು ರೂಪಗಳಾಗಿದ್ದವು. ಪದದ ಮೊದಲಲ್ಲಿ ಬಂದರೆ ‘ವಿ’, ನಡುವೆ ಬಂದರೆ ‘ಯು’. ಅದು ಸ್ವರವೋ ವ್ಯಂಜನವೋ ಎಂದು ಯಾರೂ ನೋಡುತ್ತಿರಲಿಲ್ಲ. ಹಾಗಾಗಿ ‘ಅಪಾನ್’ ಎಂಬ ಪದ ‘ವಿ’ಯಿಂದ ಶುರುವಾಗುತ್ತಿತ್ತು, ‘ಲವ್’ ಎಂಬುದು ಎಲ್-ಓ-ಯು-ಇ ಎಂದು ಅಚ್ಚಾಗುತ್ತಿತ್ತು. ‘ಹ್ಯಾವ್’, ‘ಗಿವ್’, ‘ಎವರ್’ ಎಲ್ಲದರ ಪಾಡೂ ಇದೇ. ‘ಐ’ ಮತ್ತು ‘ಜೆ’ ಜೋಡಿಯೂ ಹಾಗೆಯೇ, ‘ಜೆಲಸ್’ ಎಂಬ ಪದವನ್ನು ‘ಐ’ಯಿಂದ ಆರಂಭಿಸುತ್ತಿದ್ದರು. 1620ರ ದಶಕದ ಕೊನೆಯಿಂದ 1640ರೊಳಗೆ ಲಂಡನ್ನಿನ ಅಚ್ಚುಕೂಟಗಳಲ್ಲಿ ಈ ರೂಢಿ ಕಳಚಿ ಈಗಿನ ಪದ್ಧತಿ ನೆಲೆಯೂರಿತು. ನೀವು ಹುಡುಕು ಪೆಟ್ಟಿಗೆಯಲ್ಲಿ ‘ವಿ’ ಇರುವ ರೂಪವನ್ನು ಬರೆದಿರಿ. ಯಂತ್ರ ಅದನ್ನಷ್ಟೇ ಹುಡುಕಿಕೊಟ್ಟಿತು. ಮೊಳೆ ಜೋಡಿಸುವವರು ಅಭ್ಯಾಸ ಬದಲಿಸಿದ ವರ್ಷಗಳನ್ನು ನಿಮ್ಮ ಚಿತ್ರ ಬಹಳ ಚೆನ್ನಾಗಿ ತೋರಿಸುತ್ತಿದೆ.

ಹತ್ತನೆಯ ಶತಮಾನದ ಕನ್ನಡ ಕಾವ್ಯದಲ್ಲಿ ‘ಹಾಲು’ ಎಂದು ಹುಡುಕಿದರೆ ಸಿಗುವುದಿಲ್ಲ, ‘ಪಾಲ್’ ಎಂದು ಹುಡುಕಬೇಕು. ‘ಮಳೆ’ಗೆ ‘ಮೞೆ’ ಎಂದು ಹುಡುಕಬೇಕು. ಹಳಗನ್ನಡವನ್ನು ಸ್ವಲ್ಪ ಓದಿದವರಿಗೂ ಇದು ಗೊತ್ತು, ಏಕೆಂದರೆ ಆ ಭಾಷೆ ಬದಲಾದ ದಾರಿ ನಮ್ಮ ಕಿವಿಯಲ್ಲೇ ಇದೆ. ಇಂಗ್ಲಿಷಿನ ಮುಂದೆ ಕುಳಿತಾಗ ಆ ಎಚ್ಚರ ಕೈಬಿಡುತ್ತದೆ. ನಾವು ತರಗತಿಯಲ್ಲಿ ಓದಿದ ಮತ್ತು ಈಗ ಕಲಿಸುವ ಷೇಕ್ಸ್‌ಪಿಯರ್ ಆಧುನಿಕ ಕಾಗುಣಿತ ತೊಟ್ಟು ಬಂದವನು. ನೀವು ಇಳಿಸಿಕೊಂಡ ಪಠ್ಯಗಳು ಆ ಉಡುಪು ತೊಡುವ ಮೊದಲಿನವು.

ಆ ಪಠ್ಯಗಳು ನಿಮ್ಮ ಕಂಪ್ಯೂಟರಿಗೆ ಬಂದ ದಾರಿಯನ್ನು ತಿಳಿಯದೆ ಒಂದು ಸಂಖ್ಯೆಯನ್ನೂ ಪ್ರಬಂಧದಲ್ಲಿ ಬರೆಯಬೇಡಿ. 1938ರಲ್ಲಿ ಅಮೆರಿಕದ ಆ್ಯನ್ ಆರ್ಬರ್‌ನಲ್ಲಿ ಯುಜೀನ್ ಪವರ್ ಎಂಬವರು ಒಂದು ಮೈಕ್ರೋಫಿಲ್ಮ್ ಸಂಸ್ಥೆ ಆರಂಭಿಸಿದರು. ಇಂಗ್ಲೆಂಡಿನ ಹಳೆಯ ಪುಸ್ತಕಗಳನ್ನು ಪುಟಪುಟವಾಗಿ ಫಿಲ್ಮಿಗೆ ಇಳಿಸುವ ಕೆಲಸ ಅದು. ಬಾಂಬು ಬಿದ್ದರೆ ಗ್ರಂಥಾಲಯಗಳೇ ಉಳಿಯುವುದಿಲ್ಲ ಎಂಬ ಯುದ್ಧಕಾಲದ ಆತಂಕ ಆ ಕೆಲಸಕ್ಕೆ ವೇಗ ಕೊಟ್ಟಿತು. ಆ ಫಿಲ್ಮುಗಳನ್ನೇ ಸ್ಕ್ಯಾನ್ ಮಾಡಿ 1998ರಲ್ಲಿ ‘ಅರ್ಲಿ ಇಂಗ್ಲಿಷ್ ಬುಕ್ಸ್ ಆನ್‌ಲೈನ್’ ಬಂತು. ಪುಟಗಳ ಚಿತ್ರಗಳನ್ನು ನೋಡಲು ಅಲ್ಲಿ ಚಂದಾ ಕಟ್ಟಬೇಕು. ಚಿತ್ರದಲ್ಲಿ ಪದ ಹುಡುಕಲು ಆಗುವುದಿಲ್ಲವಲ್ಲ, ಅದಕ್ಕಾಗಿ ಮಿಷಿಗನ್ ಮತ್ತು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯಗಳು ಮುಂದೆ ನಿಂತು ‘ಟೆಕ್ಸ್ಟ್ ಕ್ರಿಯೇಷನ್ ಪಾರ್ಟ್‌ನರ್‌ಶಿಪ್’ ಎಂಬ ಯೋಜನೆ ನಡೆಸಿದವು. ಬೆರಳಚ್ಚು ಮಾಡುವವರು ಚಿತ್ರ ನೋಡಿ ಒಂದೊಂದೇ ಅಕ್ಷರವನ್ನು ಕೀಲಿಮಣೆಯಲ್ಲಿ ಕುಟ್ಟಿದರು. ಹಾಗೆ ಸಿದ್ಧವಾದ 25,000ಕ್ಕೂ ಹೆಚ್ಚು ಪಠ್ಯಗಳು 2015ರ ಜನವರಿ 1ರಂದು ಎಲ್ಲರಿಗೂ ಮುಕ್ತವಾದವು. ಉಳಿದವು 2020ರಲ್ಲಿ ಸೇರಿ, ಒಟ್ಟು ಸುಮಾರು 60,000 ಆದವು. ನಿಮ್ಮ ಕಡತಗಳು ಅಲ್ಲಿಯವೇ.

ಆ ಬೆರಳಚ್ಚುಗಾರರ ಬಗ್ಗೆ ನನಗೆ ಅಪಾರ ಗೌರವವಿದೆ. ಅವರಿಲ್ಲದಿದ್ದರೆ ನೀವೂ ನಾನೂ ಈ ಸಂವಾದ ನಡೆಸುತ್ತಿರಲಿಲ್ಲ. ಆದರೆ ಅವರು ಕಂಡದ್ದು ಕಪ್ಪು-ಬಿಳುಪು ಫಿಲ್ಮಿನ ಚಿತ್ರವನ್ನು. ಶಾಯಿ ತೆಳುವಾದಲ್ಲಿ, ಹಾಳೆಯ ಹಿಂಬದಿಯ ಅಚ್ಚು ಮುಂದಕ್ಕೆ ಇಣುಕಿದಲ್ಲಿ, ಹೊಲಿಗೆಯ ಸಂದಿನಲ್ಲಿ ಸಾಲು ಮರೆಯಾದಲ್ಲಿ ಅವರಿಗೆ ಓದಲು ಆಗಲಿಲ್ಲ. ಊಹಿಸಿ ಬರೆಯಬಾರದು ಎಂಬುದು ಯೋಜನೆಯ ನಿಯಮ. ಅಂಥ ಅಕ್ಷರದ ಜಾಗದಲ್ಲಿ ಕಪ್ಪು ಚುಕ್ಕೆ ಇಟ್ಟರು. ನಿಮ್ಮ ಕಡತಗಳಲ್ಲಿ ಆ ಚುಕ್ಕೆಗಳನ್ನು ನೀವು ಕಂಡಿರಬೇಕು. ಒಂದು ಅಕ್ಷರಕ್ಕೆ ಚುಕ್ಕೆ ಬಿದ್ದರೂ ಆ ಪದ ನಿಮ್ಮ ಹುಡುಕಾಟದಿಂದ ತಪ್ಪಿಸಿಕೊಳ್ಳುತ್ತದೆ.

ಇನ್ನೊಂದು ಮಿತಿ ಸಾಮಾನ್ಯವಾಗಿ ಕಣ್ಣಿಗೆ ಬೀಳುವುದೇ ಇಲ್ಲ. ಈ ಯೋಜನೆಯಲ್ಲಿ ಬಹುಮಟ್ಟಿಗೆ ಒಂದು ಕೃತಿಯ ಒಂದು ಮುದ್ರಣ, ಅದರಲ್ಲೂ ಒಂದೇ ಪ್ರತಿ ಸೇರಿದೆ. ಆ ಕಾಲದಲ್ಲಿ ಅಚ್ಚು ನಡೆಯುತ್ತಿರುವಾಗಲೇ ಯಂತ್ರ ನಿಲ್ಲಿಸಿ ತಪ್ಪು ತಿದ್ದುತ್ತಿದ್ದರು. ತಿದ್ದುವ ಮೊದಲು ಅಚ್ಚಾದ ಹಾಳೆಗಳನ್ನೂ ಎಸೆಯದೆ ಪುಸ್ತಕಕ್ಕೆ ಹೊಲಿಯುತ್ತಿದ್ದರು. ಆದ್ದರಿಂದ ಒಂದೇ ಮುದ್ರಣದ ಎರಡು ಪ್ರತಿಗಳು ಅಕ್ಷರಶಃ ಒಂದೇ ಇರಬೇಕೆಂದಿಲ್ಲ. ಷೇಕ್ಸ್‌ಪಿಯರನ ನಾಟಕಗಳ 1623ರ ಮೊದಲ ಫೋಲಿಯೊ (ದೊಡ್ಡ ಆಕಾರದ) ಸಂಪುಟದ 82 ಪ್ರತಿಗಳು ವಾಷಿಂಗ್ಟನ್ನಿನ ಫೋಲ್ಜರ್ ಗ್ರಂಥಾಲಯವೊಂದರಲ್ಲೇ ಇವೆ. ಚಾರ್ಲ್‌ಟನ್ ಹಿನ್ಮನ್ ಎಂಬ ವಿದ್ವಾಂಸರು ಕಂಪ್ಯೂಟರ್ ಬಳಕೆಗೆ ಬರುವ ಮೊದಲೇ, ಕನ್ನಡಿ ಮತ್ತು ದೀಪಗಳಿದ್ದ ಯಂತ್ರವೊಂದನ್ನು ತಾವೇ ರೂಪಿಸಿ, ಅಲ್ಲಿನ ಪ್ರತಿಗಳನ್ನು ಎರಡೆರಡಾಗಿ ಇಟ್ಟು ಪುಟಪುಟ ಹೋಲಿಸಿದರು. ಎರಡು ಪುಟಗಳ ನಡುವೆ ಎಲ್ಲಿ ವ್ಯತ್ಯಾಸವಿದೆಯೋ ಅಲ್ಲಿ ಅಕ್ಷರ ಮಿನುಗಿದಂತೆ ಕಾಣುತ್ತಿತ್ತು. ನಾವು ಇಂದು ‘ಡಿಜಿಟಲ್ ವಿಧಾನ’ ಎಂದು ಹೊಗಳುವ ಎಷ್ಟೋ ಕೆಲಸಗಳ ಹಿಂದೆ ಇಂಥ ಕಣ್ಣಿನ ದುಡಿಮೆ ಇದೆ.

ಹಾಗಾದರೆ ಕಾಗುಣಿತದ ತೊಡಕಿಗೆ ಪರಿಹಾರ? ಇದೆ, ಮತ್ತು ನೀವು ಹಣ ಕೊಡಬೇಕಾಗಿಲ್ಲ. ‘ಅರ್ಲಿಪ್ರಿಂಟ್’ ಎಂಬ ಯೋಜನೆ ಇದೇ ಪಠ್ಯಗಳ ಪ್ರತಿ ಪದಕ್ಕೂ ಅದರ ಮೂಲ ಧಾತುವನ್ನೂ ಈಗಿನ ಕಾಗುಣಿತವನ್ನೂ ಜೋಡಿಸಿಟ್ಟಿದೆ. ಕಪ್ಪು ಚುಕ್ಕೆಗಳನ್ನು ಚಿತ್ರ ನೋಡಿ ತುಂಬುವ ಕೆಲಸವೂ ಅಲ್ಲಿ ನಡೆಯುತ್ತಿದೆ. ಫೋಲ್ಜರ್‌ನವರು 1576ರಿಂದ 1642ರವರೆಗಿನ 403 ನಾಟಕಗಳ ಒಂದು ಸಂಗ್ರಹ ಮಾಡಿದ್ದಾರೆ. 1576 ಲಂಡನ್ನಿನಲ್ಲಿ ‘ದಿ ಥಿಯೇಟರ್’ ಕಟ್ಟಡ ಎದ್ದ ವರ್ಷ, 1642 ಪಾರ್ಲಿಮೆಂಟು ರಂಗಮಂದಿರಗಳ ಬಾಗಿಲು ಮುಚ್ಚಿಸಿದ ವರ್ಷ. ನಿಮ್ಮ ವಿಷಯಕ್ಕೆ ಅಳತೆ ತೆಗೆದು ಹೊಲಿದಂತಿದೆ ಅದು. ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ‘ವಾರ್ಡ್’ ತಂತ್ರಾಂಶ ನಿಮ್ಮ ಕಡತಗಳ ಹಳೆಯ ಕಾಗುಣಿತವನ್ನು ಹೊಸದಕ್ಕೆ ತಿರುಗಿಸಲು ನೆರವಾಗುತ್ತದೆ. ಆಂಟ್‌ಕಾಂಕ್ ನಿಮ್ಮಲ್ಲಿ ಈಗಾಗಲೇ ಇದೆ, ಅದನ್ನು ಬಿಡಬೇಡಿ.

ಆದರೆ ಹೊಸ ಕಾಗುಣಿತಕ್ಕೆ ತಿರುಗಿಸುವುದರಲ್ಲಿಯೂ ಕಳೆದುಕೊಳ್ಳುವುದಿದೆ. ಹ್ಯಾಮ್ಲೆಟ್ ನಾಟಕದ 1603ರ ಮೊದಲ ಕ್ವಾರ್ಟೊ, ಅಂದರೆ ಸಣ್ಣ ಆಕಾರದ ಮುದ್ರಣ, ತೆರೆದರೆ, ಎಲ್ಲರಿಗೂ ಬಾಯಿಪಾಠವಾಗಿರುವ ಆ ಸ್ವಗತ ಹೀಗೆ ಶುರುವಾಗುತ್ತದೆ: ‘ಟು ಬೀ, ಆರ್ ನಾಟ್ ಟು ಬೀ, ಐ ದೇರ್ಸ್ ದ ಪಾಯಿಂಟ್’. ಆ ‘ಐ’ ಎಂದರೆ ‘ನಾನು’ ಎಂದಲ್ಲ, ‘ಹೌದು’ ಎಂದು. ನಾವು ಈಗ ‘ಎ-ವೈ’ ಎಂದು ಬರೆಯುವ ಪದವನ್ನು ಆಗ ಒಂಟಿ ‘ಐ’ ಅಕ್ಷರದಲ್ಲಿ ಅಚ್ಚು ಹಾಕುತ್ತಿದ್ದರು. ಹ್ಯಾಮ್ಲೆಟ್ ಎಷ್ಟು ಸಲ ‘ನಾನು’ ಎನ್ನುತ್ತಾನೆ ಎಂದು ಎಣಿಸಿ ಅವನ ಅಂತರ್ಮುಖತೆಯ ಬಗ್ಗೆ ಅಧ್ಯಾಯ ಬರೆಯುವವರು ಇಲ್ಲಿ ಜಾರುತ್ತಾರೆ. ಸರಿ, ಯಂತ್ರಕ್ಕೆ ಹೇಳಿ ‘ಹೌದು’ ಎಂಬ ಅರ್ಥದ ‘ಐ’ಗಳನ್ನೆಲ್ಲ ಹೊಸ ರೂಪಕ್ಕೆ ಬದಲಿಸಿದಿರಿ ಎನ್ನೋಣ. ಆಗ ರೋಮಿಯೊ ಮತ್ತು ಜೂಲಿಯೆಟ್‌ನ ಮೂರನೆಯ ಅಂಕಕ್ಕೆ ಬನ್ನಿ. ದಾದಿ ಸಾವಿನ ಸುದ್ದಿ ತಂದಿದ್ದಾಳೆ. ರೋಮಿಯೊ ತನ್ನನ್ನು ತಾನೇ ಕೊಂದುಕೊಂಡನೇ ಎಂದು ಜೂಲಿಯೆಟ್ ಕೇಳುತ್ತಾಳೆ. ನೀನು ‘ಐ’ ಎಂದು ಒಂದು ಮಾತು ಹೇಳು ಸಾಕು, ಆ ಬರಿಯ ಸ್ವರಾಕ್ಷರವೇ ನೋಟದಲ್ಲೇ ಕೊಲ್ಲುವ ಕಾಕಟ್ರಿಸ್ ಸರ್ಪದ ಕಣ್ಣಿಗಿಂತ ಹೆಚ್ಚು ವಿಷವೂಡುತ್ತದೆ ಎನ್ನುತ್ತಾಳೆ. ‘ಹೌದು’, ‘ನಾನು’, ‘ಕಣ್ಣು’ ಮೂರೂ ಒಂದೇ ಉಚ್ಚಾರದಲ್ಲಿ ಹೆಣೆದುಕೊಂಡು, ಅದು ಕಾಗದದ ಮೇಲೆ ಒಂದೇ ಗೆರೆಯ ಅಕ್ಷರವಾಗಿ ನಿಂತಿರುವ ಮಾತು ಅದು. ಕಾಗುಣಿತ ತಿದ್ದಿದ ಕೂಡಲೇ ಆ ಹೆಣಿಗೆ ಬಿಚ್ಚಿಹೋಗುತ್ತದೆ. ಅದಕ್ಕಾಗಿಯೇ ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತೇನೆ: ಎರಡೂ ರೂಪಗಳನ್ನು ಇಟ್ಟುಕೊಳ್ಳಿ. ಎಣಿಸುವಾಗ ತಿದ್ದಿದ್ದನ್ನು ಬಳಸಿ, ಉಲ್ಲೇಖಿಸುವಾಗ ತಿದ್ದದ್ದಕ್ಕೆ ಮರಳಿ.

ಇದೇ ರೋಮಿಯೊ ಮತ್ತು ಜೂಲಿಯೆಟ್ ನಾಟಕದ 1599ರ ಎರಡನೆಯ ಕ್ವಾರ್ಟೊ ನನಗೊಂದು ಪಾಠ ಕಲಿಸಿತು. ಯಾವ ಪಾತ್ರ ಯಾರೊಡನೆ ರಂಗದ ಮೇಲಿರುತ್ತದೆ ಎಂಬುದನ್ನು ಬಲೆಯಂತೆ ಚಿತ್ರಿಸುವ ವಿಧಾನವೊಂದಿದೆ. ‘ಡ್ರಾಕಾರ್’ ಎಂಬ ತಾಣದಲ್ಲಿ ಹಲವು ಯುರೋಪಿಯನ್ ಭಾಷೆಗಳ ನಾಟಕಗಳಿಗೆ ಅಂಥ ಚಿತ್ರಗಳು ಸಿದ್ಧವಾಗಿ ಸಿಗುತ್ತವೆ. ನಾನು ಹುಮ್ಮಸ್ಸಿನಲ್ಲಿ ಹಳೆಯ ಕ್ವಾರ್ಟೊದಿಂದ ನೇರವಾಗಿ ಒಂದು ಚಿತ್ರ ತೆಗೆದೆ. ಜೂಲಿಯೆಟ್‌ಳ ಮನೆಯಲ್ಲಿ ಇದ್ದಕ್ಕಿದ್ದಂತೆ ಹೆಂಗಸರ ಸಂಖ್ಯೆ ಹೆಚ್ಚಿತು. ಆ ಮುದ್ರಣದಲ್ಲಿ ಅವಳ ತಾಯಿಯ ಮಾತುಗಳ ಮುಂದೆ ಒಂದು ಕಡೆ ‘ಹೆಂಡತಿ’, ಒಂದು ಕಡೆ ‘ಒಡತಿ’, ಮತ್ತೊಂದು ಕಡೆ ‘ತಾಯಿ’, ಇನ್ನೊಂದು ಕಡೆ ‘ಮುದಿ ಒಡತಿ’ ಎಂಬ ಅರ್ಥದ ಹ್ರಸ್ವರೂಪಗಳಿವೆ. ಯಂತ್ರ ಅವರನ್ನು ನಾಲ್ಕು ಜನ ಎಂದುಕೊಂಡಿತು. ಎರಡು ದಿನದ ಕೆಲಸ ಅಳಿಸಿ ಮತ್ತೆ ಮಾಡಿದೆ. ಆದರೆ ಆ ಹೆಸರುಗಳನ್ನು ಒಂದಕ್ಕೆ ಇಳಿಸುವಾಗ ಮನಸ್ಸು ತಡೆಯಿತು. ಗಂಡನ ಎದುರು ಹೆಂಡತಿ, ಮಗಳ ಎದುರು ತಾಯಿ: ಬರೆಯುವವನ ಮನಸ್ಸಿನಲ್ಲಿ ಆ ಹೆಂಗಸು ಸನ್ನಿವೇಶಕ್ಕೆ ತಕ್ಕಂತೆ ರೂಪ ಬದಲಿಸುತ್ತಿದ್ದುದರ ಗುರುತು ಅದು ಎಂದು ಹಲವು ವಿದ್ವಾಂಸರು ಓದುತ್ತಾರೆ. ನಿಮ್ಮ ವಿಷಯ ಪ್ರೀತಿ ಮತ್ತು ಸಂಬಂಧ ಆಗಿರುವುದರಿಂದ ಇದನ್ನು ವಿಶೇಷವಾಗಿ ಹೇಳುತ್ತಿದ್ದೇನೆ. ಅದೇ ಕ್ವಾರ್ಟೊದ ನಾಲ್ಕನೆಯ ಅಂಕದಲ್ಲಿ ಪೀಟರ್ ಎಂಬ ಸೇವಕ ಬರಬೇಕಾದ ಕಡೆ ‘ವಿಲ್ ಕೆಂಪ್ ಪ್ರವೇಶ’ ಎಂದು ಅಚ್ಚಾಗಿದೆ. ಕೆಂಪ್ ಷೇಕ್ಸ್‌ಪಿಯರನ ನಾಟಕ ಮಂಡಳಿಯ ಹೆಸರಾಂತ ಹಾಸ್ಯನಟ. ಪಾತ್ರದ ಹೆಸರಿನ ಜಾಗದಲ್ಲಿ ನಿಜವಾದ ಮನುಷ್ಯನೊಬ್ಬ ಬಂದು ನಿಂತಿದ್ದಾನೆ. ಆಧುನಿಕ ಸಂಪಾದಿತ ಪಠ್ಯದಲ್ಲಿ ಅವನು ಅಡಿಟಿಪ್ಪಣಿಗೆ ಇಳಿಯುತ್ತಾನೆ, ಶುದ್ಧಗೊಳಿಸಿದ ದತ್ತಾಂಶದಲ್ಲಿ ಕಾಣಸಿಗುವುದೇ ಇಲ್ಲ.

ಈಗ ನಿಮ್ಮ ಚಿತ್ರದ ಅಡ್ಡಗೆರೆ, ಅಂದರೆ ವರ್ಷಗಳು. ಅಲ್ಲಿ ನೀವು ಹಾಕಿರುವುದು ಅಚ್ಚಾದ ವರ್ಷ. ನಾಟಕ ಆಡಿದ ವರ್ಷ ಬೇರೆ. ಷೇಕ್ಸ್‌ಪಿಯರನ ಸಮಕಾಲೀನ ನಾಟಕಕಾರ ಕ್ರಿಸ್ಟೊಫರ್ ಮಾರ್ಲೋ 1593ರಲ್ಲಿ ಸತ್ತ. ಅವನ ‘ದಿ ಜ್ಯೂ ಆಫ್ ಮಾಲ್ಟಾ’ 1592ರಲ್ಲಿ ರೋಸ್ ರಂಗಮಂದಿರದಲ್ಲಿ ನಡೆಯುತ್ತಿತ್ತು. ಆದರೆ ನಮಗೆ ಉಳಿದಿರುವ ಅದರ ಮುದ್ರಣ 1633ರದು. ನಿಮ್ಮ ಚಿತ್ರದಲ್ಲಿ ಅದು ಮಾರ್ಲೋ ಸತ್ತು ನಲವತ್ತು ವರ್ಷಗಳ ನಂತರದ ಕಂಬವನ್ನು ಎತ್ತರಿಸುತ್ತಿದೆ. 1623ರ ಫೋಲಿಯೊದಲ್ಲಿರುವ 36 ನಾಟಕಗಳಲ್ಲಿ 18 ಅದಕ್ಕೂ ಮುಂಚೆ ಅಚ್ಚಾಗಿಯೇ ಇರಲಿಲ್ಲ, ಮ್ಯಾಕ್‌ಬೆತ್ ಅವುಗಳಲ್ಲೊಂದು. ಷೇಕ್ಸ್‌ಪಿಯರ್ ಸತ್ತದ್ದು 1616ರಲ್ಲಿ. ಮುದ್ರಿತ ನಾಟಕಗಳ ವಿವರಕ್ಕೆ ‘ಡೀಪ್’ ಎಂಬ ಹೆಸರಿನ ಉಚಿತ ದತ್ತಸಂಚಯ ಬಳಸಿ. ಆರಂಭದಿಂದ 1660ರವರೆಗೆ ಇಂಗ್ಲೆಂಡ್, ಸ್ಕಾಟ್ಲೆಂಡ್, ಐರ್ಲೆಂಡ್‌ಗಳಲ್ಲಿ ಅಚ್ಚಾದ ಪ್ರತಿ ನಾಟಕ ಪುಸ್ತಕದ ಲೇಖಕ, ಮಂಡಳಿ, ಮುದ್ರಕ, ಮುಖಪುಟದ ಮಾತು ಎಲ್ಲ ಅಲ್ಲಿವೆ. ಕೋಷ್ಟಕದಲ್ಲಿ ಪ್ರದರ್ಶನದ ವರ್ಷಕ್ಕೆ ಒಂದು, ಮುದ್ರಣದ ವರ್ಷಕ್ಕೆ ಒಂದು ಎಂದು ಎರಡು ಕಾಲಂ ಇಡಿ. ಮೊತ್ತಗಳನ್ನು ಹಾಗೆಯೇ ಹಾಕದೆ ಪ್ರತಿ ಹತ್ತು ಸಾವಿರ ಪದಗಳಿಗೆ ಎಷ್ಟು ಎಂದು ಲೆಕ್ಕ ಹಾಕಿ, ಏಕೆಂದರೆ ಎಲ್ಲ ದಶಕಗಳಲ್ಲಿಯೂ ಒಂದೇ ಸಂಖ್ಯೆಯ ನಾಟಕಗಳು ಅಚ್ಚಾಗಿಲ್ಲ.

ಅಚ್ಚಾಗದೆ ಹೋದವುಗಳ ಮಾತು ಇನ್ನೂ ದೊಡ್ಡದು. 1567ರಿಂದ 1642ರವರೆಗೆ ವೃತ್ತಿ ರಂಗಭೂಮಿಗಾಗಿ ಸುಮಾರು 3000 ನಾಟಕಗಳು ಬರೆಯಲ್ಪಟ್ಟಿರಬಹುದು ಎಂದು ವಿದ್ವಾಂಸರ ಅಂದಾಜು. ಉಳಿದಿರುವುದು 540ಕ್ಕೆ ಸ್ವಲ್ಪ ಮೇಲೆ. ಹೆಸರಷ್ಟೇ ಉಳಿದ ನಾಟಕಗಳ ಬಗ್ಗೆ ಸಿಗುವ ಚೂರುಪಾರು ಮಾಹಿತಿಯನ್ನೆಲ್ಲ ಒಂದೆಡೆ ಕೂಡಿಡಲು 2009ರಲ್ಲಿ ‘ಲಾಸ್ಟ್ ಪ್ಲೇಸ್ ಡೇಟಾಬೇಸ್’ ಆರಂಭವಾಯಿತು. ಅದರ ಪುಟಗಳನ್ನು ಓದುತ್ತ ಕುಳಿತರೆ ನನಗೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಆ ಹೆಸರುಗಳಲ್ಲಿ ಬಹಳಷ್ಟು ಬಂದದ್ದು ರೋಸ್ ರಂಗಮಂದಿರದ ಮಾಲೀಕ ಫಿಲಿಪ್ ಹೆನ್ಸ್‌ಲೋನ ಲೆಕ್ಕದ ಪುಸ್ತಕದಿಂದ. ಅದು ಲಂಡನ್ನಿನ ಡಲ್ಲಿಚ್ ಕಾಲೇಜಿನಲ್ಲಿದೆ, ಪುಟಗಳ ಚಿತ್ರಗಳನ್ನು ಉಚಿತವಾಗಿ ನೋಡಬಹುದು. 1592ರ ಮಾರ್ಚ್ 3ರಂದು ‘ಹ್ಯಾರಿ ದಿ ಸಿಕ್ಸ್ತ್’ ಆಟಕ್ಕೆ ತನ್ನ ಪಾಲಿಗೆ ಬಂದ 3 ಪೌಂಡ್ 16 ಷಿಲಿಂಗ್ 8 ಪೆನ್ಸ್ ಅನ್ನು ಅವನು ಅಲ್ಲಿ ಬರೆದಿಟ್ಟಿದ್ದಾನೆ. ಹತ್ತೊಂಬತ್ತನೆಯ ಶತಮಾನದಲ್ಲಿ ಜಾನ್ ಪೇನ್ ಕಾಲಿಯರ್ ಎಂಬ ವಿದ್ವಾಂಸ ಇದೇ ಪುಸ್ತಕದಲ್ಲಿ ಖಾಲಿ ಜಾಗ ಹುಡುಕಿ ಸುಳ್ಳು ಸಾಲುಗಳನ್ನು ಸೇರಿಸಿದ. ಬೆರಳಚ್ಚು ಮಾಡಿದ ಪಠ್ಯದಲ್ಲಿ ಹೆನ್ಸ್‌ಲೋನ ಸಾಲೂ ಕಾಲಿಯರನ ಸಾಲೂ ಒಂದೇ ತೆರನಾಗಿ ಕಾಣುತ್ತವೆ. ಪುಟದ ಚಿತ್ರವನ್ನು ಹಿಗ್ಗಿಸಿ ಕೈಬರಹ ಮತ್ತು ಶಾಯಿಯನ್ನು ನೋಡಿದಾಗ ಮಾತ್ರ ಅನುಮಾನ ಹುಟ್ಟುತ್ತದೆ.

ಮಧ್ಯಯುಗದ ನಾಟಕಗಳಿಗೆ ನಿಮ್ಮ ವಿಧಾನ ಸಾಕಾಗುವುದಿಲ್ಲ. ಅಲ್ಲಿ ಉಳಿದ ಪಠ್ಯಗಳು ಕಡಿಮೆ, ಬಹುತೇಕ ಹಸ್ತಪ್ರತಿಗಳು. ಆದರೆ ನಾಟಕ ಆಡಿದ್ದರ ಲೆಕ್ಕಪತ್ರಗಳು ಹೇರಳವಾಗಿವೆ. ಯಾರ್ಕ್ ನಗರವನ್ನೇ ತೆಗೆದುಕೊಳ್ಳಿ. ಕಾರ್ಪಸ್ ಕ್ರಿಸ್ಟಿ ಎಂಬ ಕ್ರೈಸ್ತ ಹಬ್ಬದ ದಿನ ಬೆಳಗಿನ ಜಾವದಿಂದಲೇ ಗಾಡಿಗಳ ಮೇಲೆ ರಂಗ ಕಟ್ಟಿಕೊಂಡು, ಸೃಷ್ಟಿಯಿಂದ ಅಂತಿಮ ತೀರ್ಪಿನವರೆಗಿನ ಬೈಬಲ್ ಕಥೆಯನ್ನು ಬೀದಿಬೀದಿಯಲ್ಲಿ ಆಡುತ್ತಿದ್ದರು. ಒಂದೊಂದು ಕಸುಬಿನ ಸಂಘಕ್ಕೆ ಒಂದೊಂದು ಆಟ. ಹಡಗು ಕಟ್ಟುವವರು ನೋಹನ ನಾವೆಯನ್ನು ಕಟ್ಟುತ್ತಿದ್ದರು, ರೊಟ್ಟಿ ಬೇಯಿಸುವವರಿಗೆ ಯೇಸುವಿನ ಕೊನೆಯ ಊಟ. ಅಂತಿಮ ತೀರ್ಪಿನ ಆಟ ಶ್ರೀಮಂತ ಬಟ್ಟೆ ವ್ಯಾಪಾರಿಗಳದು. ಆ ಸಂಘ 1433ರಲ್ಲಿ ತನ್ನ ಗಾಡಿಯ ಸಾಮಾನುಗಳ ಒಂದು ಪಟ್ಟಿ ಬರೆಸಿತು. ಅದು ಪತ್ತೆಯಾಗಿ ಬೆಳಕಿಗೆ ಬಂದದ್ದು 1970ರ ದಶಕದ ಆರಂಭದಲ್ಲಿ. ನಾಲ್ಕು ಚಕ್ರದ ಗಾಡಿ, ನರಕದ ಬಾಯಿ, ಮೂರು ದೆವ್ವಗಳಿಗೆ ಮೂರು ಉಡುಪು, ಮೂರು ಮುಖವಾಡಗಳಲ್ಲಿ ಆರು ದೆವ್ವದ ಮುಖಗಳು. ಅಂದರೆ ಮುಂದೊಂದು ಹಿಂದೊಂದು ಮುಖ. ಸ್ವರ್ಗದಲ್ಲಿ ಓಡಾಡಲು ಕೆಂಪು ಬಣ್ಣ ಬಳಿದ ಒಂಬತ್ತು ಪುಟ್ಟ ದೇವದೂತರು, ಅವರನ್ನು ಓಡಾಡಿಸಲು ಉದ್ದನೆಯ ತೆಳ್ಳನೆಯ ಒಂದು ಹಗ್ಗ. ಆ ಹಗ್ಗವನ್ನು ಓದಿದಾಗ ಸುಮಾರು ಆರುನೂರು ವರ್ಷ ಹಿಂದಿನ ಬೀದಿಯಲ್ಲಿ ಯಾರದೋ ಕೈ ಅದನ್ನು ಎಳೆಯುತ್ತಿರುವುದು ನನಗೆ ಕಾಣುತ್ತದೆ. ಇನ್ನೊಂದು ಸಂಗತಿ ನೋಡಿ: ದೆವ್ವಗಳು ಬರುವ ಆ ಒಂದೇ ಸಾಲಿನಲ್ಲಿ, ಒಂದೇ ಬರಹಗಾರನ ಕೈಯಲ್ಲಿ, ‘ದೆವ್ವ’ ಎಂಬ ಪದ ಎರಡು ಬೇರೆ ಕಾಗುಣಿತಗಳಲ್ಲಿದೆ. ಹುಡುಕು ಪೆಟ್ಟಿಗೆಗೆ ಇಲ್ಲಿ ಕೆಲಸ ಬಹಳ ಕಷ್ಟ.

ಇಂಥ ದಾಖಲೆಗಳನ್ನು ಊರೂರಿನ ದಫ್ತರಗಳಿಂದ ಹೆಕ್ಕಿ ತೆಗೆಯಲು 1976ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಅಲೆಕ್ಸಾಂಡ್ರಾ ಜಾನ್‌ಸ್ಟನ್ ಅವರ ನೇತೃತ್ವದಲ್ಲಿ ‘ರೆಕಾರ್ಡ್ಸ್ ಆಫ್ ಅರ್ಲಿ ಇಂಗ್ಲಿಷ್ ಡ್ರಾಮಾ’ ಶುರುವಾಯಿತು. 1979ರಲ್ಲಿ ಮೊದಲು ಹೊರಬಂದದ್ದು ಯಾರ್ಕ್ ಸಂಪುಟಗಳೇ. ಮುದ್ರಿತ ಸಂಪುಟಗಳಲ್ಲಿ ಹಲವು ಈಗ ಉಚಿತವಾಗಿ ಅಂತರ್ಜಾಲದಲ್ಲಿವೆ. ಲಂಡನ್ನಿನ ರಂಗಮಂದಿರಗಳ ದಾಖಲೆಗೂ, ಮಂಡಳಿಗಳ ಪೋಷಕರು ಮತ್ತು ಪ್ರವಾಸಗಳ ವಿವರಕ್ಕೂ ಬೇರೆ ಬೇರೆ ದತ್ತಸಂಚಯಗಳಿವೆ. ಆದರೆ ಇಲ್ಲಿಯೂ ಒಂದು ಮಾತು. ಸಂಪಾದಕರು ಲೆಕ್ಕದ ಪುಸ್ತಕದಿಂದ ಆಟ, ಹಾಡು, ಕುಣಿತಕ್ಕೆ ಸಂಬಂಧಿಸಿದ ಸಾಲುಗಳನ್ನು ಮಾತ್ರ ತೆಗೆದಿದ್ದಾರೆ. ಅದರ ಮೇಲಿನ ಸಾಲಿನಲ್ಲಿ ಸೇತುವೆ ರಿಪೇರಿಗೆ ಎಷ್ಟು, ಕೆಳಗಿನ ಸಾಲಿನಲ್ಲಿ ವೈನಿಗೆ ಎಷ್ಟು ಎಂಬುದು ನಮಗೆ ಸಿಗುವುದಿಲ್ಲ. ಲೆಕ್ಕಪತ್ರಗಳು ಹಾಳಾದ ಊರು ಭೂಪಟದ ಮೇಲೆ ಆಟವೇ ಇಲ್ಲದ ಊರಿನಂತೆ ಕಾಣುತ್ತದೆ. ಭೂಪಟದ ಖಾಲಿ ಜಾಗವನ್ನು ನೋಡಿ ವಾದ ಕಟ್ಟಬೇಡಿ.

ಮಧ್ಯಯುಗದ ಅಧ್ಯಯನಕ್ಕೆ ಡಿಜಿಟಲ್ ಸಾಧನ ಮಾಡಿದ ಅತಿ ದೊಡ್ಡ ಉಪಕಾರ ನನ್ನ ಮಟ್ಟಿಗೆ ಎಣಿಕೆಗೆ ಸಂಬಂಧಿಸಿದ್ದಲ್ಲ. ಯಾರ್ಕ್ ನಗರದ ಗುಮಾಸ್ತ ರೋಜರ್ ಬರ್ಟನ್ 1415ರಲ್ಲಿ ಯಾವ ಸಂಘ ಯಾವ ಆಟ ಆಡಬೇಕು ಎಂಬ ಪಟ್ಟಿ ಮಾಡಿದ. ಆಮೇಲಿನವರು ಅದರ ಮೇಲೆಯೇ ಕೆರೆದು, ಅಳಿಸಿ, ಹೊಸದನ್ನು ಬರೆಯುತ್ತ ಹೋದರು. ಲ್ಯಾಂಕಾಸ್ಟರಿನ ಮೆಗ್ ಟ್ವೈಕ್ರಾಸ್ ಅವರು ಆ ಪುಟಗಳನ್ನು ಅತಿ ಸೂಕ್ಷ್ಮ ಡಿಜಿಟಲ್ ಚಿತ್ರಗಳಾಗಿ ತೆಗೆದು, ಪರದೆಯ ಮೇಲೆ ಹಿಗ್ಗಿಸಿ, ಬಣ್ಣ ಬೇರ್ಪಡಿಸಿ, ಅಳಿಸಿದ ಪದರಗಳನ್ನು ಒಂದೊಂದಾಗಿ ಓದಿದರು. ಅಲ್ಲಿಯವರೆಗೆ 1415ರ ಸ್ಥಿತಿ ಎಂದು ಎಲ್ಲರೂ ಉಲ್ಲೇಖಿಸುತ್ತಿದ್ದ ಆ ಪಟ್ಟಿ, ದಶಕಗಳ ಕಾಲ ತಿದ್ದುಪಡಿ ಕಂಡ ಕಾರ್ಯಪತ್ರ ಎಂಬುದು ಸ್ಪಷ್ಟವಾಯಿತು. ಅದಕ್ಕೆ ಬೇಕಾದದ್ದು ಒಂದು ಒಳ್ಳೆಯ ಕ್ಯಾಮೆರಾ ಮತ್ತು ಹಳೆಯ ಲಿಪಿಯನ್ನು ಓದಬಲ್ಲ ಒಬ್ಬ ತಾಳ್ಮೆಯ ವಿದ್ವಾಂಸೆ.

ಇದರ ಜೊತೆಗೇ ಒಂದು ಎಚ್ಚರಿಕೆ. ಯಾರ್ಕ್ ನಾಟಕಗಳ ಹಸ್ತಪ್ರತಿ ಇರುವುದು ಬ್ರಿಟಿಷ್ ಲೈಬ್ರರಿಯಲ್ಲಿ. 2023ರ ಅಕ್ಟೋಬರ್‌ನಲ್ಲಿ ಆ ಗ್ರಂಥಾಲಯದ ಮೇಲೆ ಸೈಬರ್ ದಾಳಿ ನಡೆದು, ಹಸ್ತಪ್ರತಿಗಳ ಚಿತ್ರಗಳು ದೀರ್ಘಕಾಲ ಯಾರಿಗೂ ಸಿಗದಂತಾದವು. ಕಪಾಟಿನಲ್ಲಿ ಚರ್ಮದ ಹಾಳೆಗಳು ಹಾಗೆಯೇ ಇದ್ದವು, ದೂರದಲ್ಲಿದ್ದ ನಮ್ಮಂಥವರಿಗೆ ಮಾತ್ರ ಬಾಗಿಲು ಮುಚ್ಚಿತು. ಮುಕ್ತವಾಗಿ ಕೊಟ್ಟಿರುವ ಪುಟಗಳನ್ನು ಬಳಸಿದ ದಿನವೇ ಇಳಿಸಿ ಇಟ್ಟುಕೊಳ್ಳಿ, ದಿನಾಂಕವನ್ನೂ ಬರೆದಿಡಿ.

ಕರ್ತೃತ್ವದ ಪ್ರಶ್ನೆಗೆ ಚಿಕ್ಕದಾಗಿ ಉತ್ತರಿಸುತ್ತೇನೆ, ಏಕೆಂದರೆ ನಿಮ್ಮ ಸಂಶೋಧನೆಗೆ ಅದು ಬೇಕಿಲ್ಲ, ಮತ್ತು ಮೊದಲ ಸಂಶೋಧನೆಗೆ ಅದನ್ನು ಕೈಗೆತ್ತಿಕೊಳ್ಳಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಒಬ್ಬ ಬರಹಗಾರ ಗಮನವಿಲ್ಲದೆ ಬಳಸುವ ಸಣ್ಣ ಪದಗಳ ಪ್ರಮಾಣದಲ್ಲಿ ಅವನ ಗುರುತಿರುತ್ತದೆ ಎಂಬುದು ಇದರ ತಳಹದಿ. 2016ರಲ್ಲಿ ನ್ಯೂ ಆಕ್ಸ್‌ಫರ್ಡ್ ಷೇಕ್ಸ್‌ಪಿಯರ್ ಎಂಬ ಸಮಗ್ರ ಆವೃತ್ತಿಯ ಸಂಪಾದಕರು ‘ಆರನೆಯ ಹೆನ್ರಿ’ ನಾಟಕದ ಮೂರೂ ಭಾಗಗಳಿಗೆ ಮಾರ್ಲೋನನ್ನು ಸಹಲೇಖಕ ಎಂದು ಹೆಸರಿಸಿದರು. ಆ ಜಗಳ ಇನ್ನೂ ಮುಗಿದಿಲ್ಲ. 1612ರಲ್ಲಿ ಡಬ್ಲ್ಯು. ಎಸ್. ಎಂಬ ಸಹಿಯೊಂದಿಗೆ ಅಚ್ಚಾದ ಚರಮಗೀತೆಯೊಂದನ್ನು ಷೇಕ್ಸ್‌ಪಿಯರನದು ಎಂದು 1990ರ ದಶಕದಲ್ಲಿ ಡೊನಾಲ್ಡ್ ಫಾಸ್ಟರ್ ಕಂಪ್ಯೂಟರ್ ನೆರವಿನಿಂದ ವಾದಿಸಿದರು, ಹೆಸರಾಂತ ಸಮಗ್ರ ಸಂಪುಟಗಳಲ್ಲೂ ಅದು ಸೇರಿತು. 2002ರಲ್ಲಿ ಅದು ನಾಟಕಕಾರ ಜಾನ್ ಫೋರ್ಡ್‌ನದು ಎಂದು ಅವರೇ ಒಪ್ಪಿಕೊಂಡರು. ಹಾಗೆ ಬಹಿರಂಗವಾಗಿ ಒಪ್ಪಿಕೊಂಡದ್ದಕ್ಕೆ ನಾನು ಅವರನ್ನು ಗೌರವಿಸುತ್ತೇನೆ. ಒಳ್ಳೆಯ ಉದಾಹರಣೆ ಸ್ಪೇನಿನಿಂದ ಬಂದಿದೆ. ಮ್ಯಾಡ್ರಿಡ್ಡಿನ ರಾಷ್ಟ್ರೀಯ ಗ್ರಂಥಾಲಯದಲ್ಲಿದ್ದ ಕರ್ತೃ ಗೊತ್ತಿಲ್ಲದ ‘ಲಾ ಫ್ರಾನ್ಸೆಸಾ ಲಾವ್ರಾ’ ಎಂಬ ಹಸ್ತಪ್ರತಿ ಅಲ್ಲಿನ ಹೆಸರಾಂತ ನಾಟಕಕಾರ ಲೋಪೆ ದೆ ವೇಗಾನದು ಎಂದು 2023ರಲ್ಲಿ ಪ್ರಕಟವಾಯಿತು. ಟ್ರಾನ್ಸ್‌ಕ್ರಿಬಸ್ ಎಂಬ ಕೈಬರಹ ಓದುವ ತಂತ್ರಾಂಶದಿಂದ ಸಾವಿರಕ್ಕೂ ಹೆಚ್ಚು ಹಳೆಯ ನಾಟಕಗಳನ್ನು ಪಠ್ಯಕ್ಕೆ ಇಳಿಸಿ ಹೋಲಿಸಿದ್ದರು. ಯಂತ್ರ ಲೋಪೆಯತ್ತ ಬೆರಳು ತೋರಿಸಿದ ನಂತರ ಸಂಶೋಧಕರು ಅಲ್ಲಿಗೇ ನಿಲ್ಲಿಸದೆ ಛಂದಸ್ಸು, ಉಚ್ಚಾರ, ಕಾಲ, ಬೇರೆ ಕೃತಿಗಳೊಂದಿಗಿನ ಹೋಲಿಕೆ ಎಲ್ಲವನ್ನೂ ಹಳೆಯ ರೀತಿಯಲ್ಲಿ ಪರಿಶೀಲಿಸಿದರು. ಆ ಎರಡನೆಯ ಭಾಗವೇ ನನಗೆ ನಂಬಿಕೆ ತಂದದ್ದು.

ಇನ್ನು ಹಾವೇರಿಯಿಂದ ಈ ಕೆಲಸ ಸಾಧ್ಯವೇ ಎಂಬ ನಿಮ್ಮ ಅಳುಕು. ಖಂಡಿತ ಸಾಧ್ಯ. ಮೂವತ್ತು ವರ್ಷದ ಹಿಂದೆ ಈ ವಿಷಯದಲ್ಲಿ ಒಂದು ಅಡಿಟಿಪ್ಪಣಿ ಬರೆಯಲೂ ವಿಮಾನ ಹತ್ತಬೇಕಾಗಿತ್ತು. ಆದರೆ 403 ನಾಟಕಗಳನ್ನೂ ಯಂತ್ರಕ್ಕೆ ಉಣಿಸುವ ಮೊದಲು ಹತ್ತನ್ನು ಆರಿಸಿ, ಮೊದಲಿನಿಂದ ಕೊನೆಯವರೆಗೆ ಓದಿ. ‘ಲವ್’ ಎಂಬ ಪದವೇ ಇಲ್ಲದ ಪ್ರೇಮದೃಶ್ಯಗಳನ್ನು ಗುರುತು ಹಾಕಿಕೊಳ್ಳಿ. ನಿಮ್ಮ ಪ್ರಬಂಧದ ಒಳ್ಳೆಯ ಅಧ್ಯಾಯ ಅಲ್ಲಿಂದ ಹುಟ್ಟಬಹುದು ಎಂದು ನನಗೆ ಅನ್ನಿಸುತ್ತದೆ.

ಮಾರ್ಗದರ್ಶಕರಿಗೆ ಆ ರೇಖಾಚಿತ್ರವನ್ನು ಅವಶ್ಯ ತೋರಿಸಿ. ಅದಕ್ಕೂ ಮುಂಚೆ ಅದೇ ಹಾಳೆಯ ಮೇಲೆ ಎರಡನೆಯ ಗೆರೆಯೊಂದನ್ನು ಎಳೆಯಿರಿ, ‘ಯು’ ಇರುವ ರೂಪಕ್ಕೆ. ಒಂದು ಇಳಿಯುತ್ತ ಇನ್ನೊಂದು ಏರುತ್ತ 1630ರ ಆಸುಪಾಸಿನಲ್ಲಿ ಎರಡೂ ಒಂದನ್ನೊಂದು ದಾಟುವುದು ಕಾಣುತ್ತದೆ. ಎರಡನ್ನೂ ಕೂಡಿಸಿ ಮೂರನೆಯ ಗೆರೆ ಎಳೆದಾಗ ನಿಮ್ಮ ನಿಜವಾದ ಪ್ರಶ್ನೆ ಎದುರಿಗೆ ಬರುತ್ತದೆ. ‘ಲವರ್’, ‘ಲವ್ಡ್’, ‘ಲವಿಂಗ್’, ‘ಬಿಲವ್ಡ್’ ರೂಪಗಳನ್ನು ಸೇರಿಸಲು ಮರೆಯಬೇಡಿ. ಕೊನೆಗೆ ಎಲ್-ಓ ನಂತರ ಕಪ್ಪು ಚುಕ್ಕೆ ಇರುವ ಪದಗಳನ್ನು ಹುಡುಕಿ, ಒಂದೊಂದರ ಇಡೀ ಸಾಲನ್ನೂ ಓದಿ, ಯಾವುದು ‘ಲವ್’, ಯಾವುದು ‘ಲಾರ್ಡ್’ ಅಥವಾ ‘ಲಾಸ್’ ಎಂದು ಕೈಯಿಂದಲೇ ವಿಂಗಡಿಸಿ. ಒಂದು ಮಧ್ಯಾಹ್ನದ ಕೆಲಸ.